ಟಿಕೆಟ್ ದರದ ಪಕ್ಕ ಗಂಟೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಥಾಯ್ಲೆಂಡ್, ಮಲೇಷ್ಯಾ, ಸಿಂಗಾಪುರ ಮೂರನ್ನೂ ಒಂದೇ ಸಲ ನೋಡಿ ಬರುವ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ವಿಮಾನದ ದರ ಇದೆ, ಹೋಟೆಲ್ ದರ ಇದೆ, ಎಲ್ಲಿ ದೋಸೆ ಸಿಗುತ್ತದೆ ಎಂಬುದೂ ಇದೆ. ಆದರೆ ಯಾವ ಏರ್‌ಪೋರ್ಟಿನಲ್ಲಿ ಇಳಿಯಬೇಕು, ಅಲ್ಲಿಂದ ಊರೊಳಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ, ಒಂದು ವಿಮಾನ ಇಳಿದು ಇನ್ನೊಂದು ಹತ್ತಲು ಎಷ್ಟು ಬಿಡುವು ಬೇಕು ಎಂಬ ಮಾತೇ ಇಲ್ಲ. ಹೊಸದಾಗಿ ಮದುವೆಯಾದವರು ಬೆನ್ನಿಗೆ ಚೀಲ ಏರಿಸಿ ಹೊರಟರೆ ಇದೆಲ್ಲ ನಡೆದುಹೋಗುತ್ತದೆ. ಮಂಡಿ ನೋವಿನ ಅಕ್ಕ, ಹೊತ್ತಿಗೆ ಸರಿಯಾಗಿ ಶುಗರ್ ಮಾತ್ರೆ ನುಂಗಬೇಕಾದ ಹೆಂಡತಿ, ಇನ್ನೂ ಎತ್ತಿಕೊಳ್ಳಬೇಕಾದ ಮೊಮ್ಮಗ ಜೊತೆಗಿದ್ದರೆ ನಡೆಯುವುದಿಲ್ಲ. ಅಂಥವರು ಮೊದಲು ಗಂಟೆ ನೋಡಬೇಕು, ದರ ಆಮೇಲೆ.

ನಾನು ಸೆಂಟ್ರಲ್ ರೈಲ್ವೆಯ ರಿಸರ್ವೇಶನ್ ಕೌಂಟರಿನಲ್ಲಿ ಕೂತು ಕೂತೇ ನಿವೃತ್ತನಾದವನು. ಮೂಲ ಧಾರವಾಡ, ಮನೆ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವ. ಮೇ ರಜೆಯಲ್ಲಿ ಇದೇ ಮೂರು ದೇಶಗಳಿಗೆ ನಾವೂ ಹೋಗಿ ಬಂದೆವು. ನಾನು, ಹೆಂಡತಿ, ಹುಬ್ಬಳ್ಳಿಯಿಂದ ಬಂದ ಅಕ್ಕ, ಮಗ, ಸೊಸೆ, ಎರಡು ಮಕ್ಕಳು. ಪ್ಲಾನ್ ಮಾಡುವ ಕೆಲಸ ನನ್ನ ಪಾಲಿಗೇ ಬಂತು. ಮಗನಿಗೆ ಪುಣೆಯ ಹಿಂಜವಡಿಯ ಆಫೀಸು ಬಿಟ್ಟರೆ ಬೇರೆ ಪುರಸೊತ್ತಿಲ್ಲ. ನನಗೋ ಟೈಮ್‌ಟೇಬಲ್ ಓದುವುದು ಇವತ್ತಿಗೂ ಚಟ.

ಮೊದಲು ಒಬ್ಬ ಏಜೆಂಟರನ್ನು ಕೇಳಿದೆವು. ಅವರು ಕೊಟ್ಟ ಹಾಳೆಯಲ್ಲಿ ಮುಂಬೈ-ಬ್ಯಾಂಕಾಕ್ ಹೋಗಿ ಬರುವ ಟಿಕೆಟ್ ಇತ್ತು. ನಡುವೆ ಬ್ಯಾಂಕಾಕಿನಿಂದ ಕೌಲಾಲಂಪುರ, ಅಲ್ಲಿಂದ ಸಿಂಗಾಪುರ, ಕೊನೆಯ ದಿನ ಸಿಂಗಾಪುರದಿಂದ ಮತ್ತೆ ಬ್ಯಾಂಕಾಕಿಗೆ ಬಂದು ಸಂಜೆಯ ಮುಂಬೈ ವಿಮಾನ. ಒಟ್ಟು ಮೊತ್ತ ನೋಡಿದರೆ ನಿಜಕ್ಕೂ ಅಗ್ಗ. ನಾನು ಕೊನೆಯ ದಿನದ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ: ಸಿಂಗಾಪುರದಿಂದ ಬರುವ ವಿಮಾನ ಎಲ್ಲಿ ಇಳಿಯುತ್ತದೆ? ಡಾನ್ ಮುವಾಂಗ್. ಮುಂಬೈ ವಿಮಾನ ಎಲ್ಲಿಂದ? ಸುವರ್ಣಭೂಮಿ. ನಡುವೆ ಬಿಡುವು ಎಷ್ಟು? ಮೂರೂವರೆ ಗಂಟೆ. "ಸಾಕಷ್ಟು ಟೈಮ್ ಇದೆ ಅಂಕಲ್" ಅಂದರು.

ಸಾಕಷ್ಟು ಎಲ್ಲಿದೆ? ಬ್ಯಾಂಕಾಕಿಗೆ ಎರಡು ಏರ್‌ಪೋರ್ಟ್. 2006ರಲ್ಲಿ ಸುವರ್ಣಭೂಮಿ ಶುರುವಾದ ಮೇಲೂ ಹಳೆಯ ಡಾನ್ ಮುವಾಂಗ್ ಕಾಯಂ ಆಗಿ ಮುಚ್ಚಿಹೋಗಲಿಲ್ಲ, ಕಡಿಮೆ ದರದ ವಿಮಾನಗಳೆಲ್ಲ ಹೆಚ್ಚಾಗಿ ಅಲ್ಲಿಗೇ ಬರುತ್ತವೆ. ಎರಡರ ನಡುವೆ ಮುಂದಿನ ಟಿಕೆಟ್ ತೋರಿಸಿದವರಿಗೆ ಪುಕ್ಕಟೆ ಬಸ್ ಇದೆ, ನಿಜ. ಆದರೆ ಟ್ರಾಫಿಕ್ ಇಲ್ಲದಿದ್ದರೂ ಒಂದು ಗಂಟೆಯ ದಾರಿ ಅದು. ಬ್ಯಾಂಕಾಕಿನಲ್ಲಿ ಸಂಜೆಯ ಟ್ರಾಫಿಕ್ ಅಂದರೆ ನಮ್ಮ ಘೋಡಬಂದರ್ ರೋಡಿನ ಅಣ್ಣ. ಸಾಲದ್ದಕ್ಕೆ ಇವು ಬೇರೆ ಬೇರೆ ಟಿಕೆಟ್. ಸಿಂಗಾಪುರದಲ್ಲಿ ಹಾಕಿದ ಬ್ಯಾಗು ನೇರ ಮುಂಬೈಗೆ ಬರುವುದಿಲ್ಲ. ಡಾನ್ ಮುವಾಂಗಿನಲ್ಲಿ ಇಮಿಗ್ರೇಶನ್ ಸಾಲಿನಲ್ಲಿ ನಿಂತು, ಥಾಯ್ಲೆಂಡಿನೊಳಗೆ ಹೊಸದಾಗಿ ಪ್ರವೇಶ ಮಾಡಿ, ಬೆಲ್ಟಿನಿಂದ ಬ್ಯಾಗು ಇಳಿಸಿಕೊಂಡು, ಬಸ್ ಹತ್ತಿ, ಅಲ್ಲಿ ಮತ್ತೆ ಚೆಕ್-ಇನ್. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿಗೆ ಅದು ಸಂಬಂಧವೇ ಇಲ್ಲ. ಟಿಕೆಟ್ ಹೋಯಿತು, ಅಷ್ಟೇ. ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ವಿಮಾನಕ್ಕೆ ಕಳಿಸುವ ಜವಾಬ್ದಾರಿ ಅವರದ್ದು. ಬೇರೆ ಬೇರೆ ಪಿಎನ್‌ಆರ್ ಆದರೆ ಜವಾಬ್ದಾರಿ ನಮ್ಮದು. ನಾವು ಒಳಗೆ ಹೋಗಬೇಕಾದ ಆ ನಡುವಿನ ದೇಶ ವೀಸಾ ಕೇಳುವಂಥದ್ದಾದರೆ ಕಥೆ ಇನ್ನೂ ದೊಡ್ಡದು.

ಅಕ್ಕನಿಗೆ ವೀಲ್‌ಚೇರ್ ಬೇಕಿತ್ತು. ಅದನ್ನು ಕನಿಷ್ಠ 48 ಗಂಟೆ ಮೊದಲೇ, ಸಾಧ್ಯವಾದರೆ ಟಿಕೆಟ್ ತೆಗೆಯುವಾಗಲೇ, ಪ್ರತಿ ವಿಮಾನಕ್ಕೂ ಬೇರೆ ಬೇರೆಯಾಗಿ ಹೇಳಬೇಕು. ಅಗ್ಗದ ವಿಮಾನಗಳು ಎಷ್ಟೋ ಸಲ ದೂರದಲ್ಲಿ ನಿಲ್ಲುತ್ತವೆ. ಅಲ್ಲಿಗೆ ಬಸ್ಸು, ಆಮೇಲೆ ಏಣಿ ಮೆಟ್ಟಿಲು. ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂತಲೂ ಸ್ಪಷ್ಟವಾಗಿ ಹೇಳಬೇಕು. ಬರೀ ವೀಲ್‌ಚೇರ್ ಅಂದರೆ ಬಾಗಿಲ ತನಕ ದೂಡಿಕೊಂಡು ಹೋಗಿ ಮೆಟ್ಟಿಲ ಬುಡದಲ್ಲಿ ನಿಲ್ಲಿಸುತ್ತಾರೆ. ಏಜೆಂಟರ ಹಾಳೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ನಾನು ಆ ಹಾಳೆ ಪಕ್ಕಕ್ಕಿಟ್ಟು ಹೊಸದು ಬರೆದೆ. ಹೋಗುವುದು ಬ್ಯಾಂಕಾಕಿಗೆ, ವಾಪಸ್ ಬರುವುದು ಸಿಂಗಾಪುರದಿಂದ. ನಡುವೆ ದಕ್ಷಿಣಕ್ಕೆ ಇಳಿಯುತ್ತಾ ಹೋಗುವುದು, ಹೋದ ದಾರಿಯಲ್ಲಿ ಮತ್ತೆ ಬರುವುದು ಬೇಡ. ಟಿಕೆಟ್ ಹುಡುಕುವಾಗ ರಿಟರ್ನ್ ಬದಲು ಮಲ್ಟಿ-ಸಿಟಿ ಎಂಬಲ್ಲಿ ಒತ್ತಿದರೆ ಇದು ಸಿಗುತ್ತದೆ. ದೊಡ್ಡ ಕಂಪನಿಗಳಲ್ಲಿ ಎರಡು ಒನ್-ವೇ ತೆಗೆದರೆ ಜಾಸ್ತಿ ಬೀಳಬಹುದು, ಹಾಗಾಗಿ ಮಲ್ಟಿ-ಸಿಟಿಯಲ್ಲೇ ನೋಡಬೇಕು. ಕಡಿಮೆ ದರದ ಕಂಪನಿಗಳು ಒಂದೊಂದು ದಾರಿಗೂ ಬೇರೆಯಾಗಿಯೇ ದರ ಹಾಕುವುದರಿಂದ ಅಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಲೇಖನದಲ್ಲಿ ಹೇಳಲೇಬೇಕಿದ್ದ ಮಾತು ಇದು. ಸಿಂಗಾಪುರದಿಂದ ಬ್ಯಾಂಕಾಕಿಗೆ ಹಿಂದಿರುಗುವ ಆ ಒಂದು ದಿನ ಉಳಿಯಿತು, ಅದಕ್ಕೆ ಏಳು ಜನರ ಟಿಕೆಟ್ಟೂ ಉಳಿಯಿತು.

ಏಳು ಜನ ಅಂದಾಗ ಇನ್ನೊಂದು ವಿಷಯ. ನಮ್ಮ ರೈಲ್ವೆ ಫಾರಂನಲ್ಲಿ ಆರೇ ಹೆಸರು ಬರೆಯಬಹುದು. ವಿಮಾನದಲ್ಲಿ ಒಂದೇ ಬುಕಿಂಗ್‌ನಲ್ಲಿ ಸಾಮಾನ್ಯವಾಗಿ ಒಂಬತ್ತು ಜನ. ಆದರೆ ಅಗ್ಗದ ದರದ ಸೀಟು ನಾಲ್ಕೇ ಉಳಿದಿದ್ದರೆ, ಏಳು ಕೇಳಿದವರಿಗೆ ಏಳಕ್ಕೂ ಮೇಲಿನ ದರವನ್ನೇ ತೋರಿಸುತ್ತದೆ. ನಾಲ್ಕು ಜನ ಅಂತ ಹಾಕಿ ನೋಡಿದರೆ ಗೊತ್ತಾಗುತ್ತದೆ. ಬೇಕಾದರೆ ಎರಡು ಭಾಗ ಮಾಡಿ ತೆಗೆಯಬಹುದು. ನನ್ನ ಪ್ರಕಾರ ವಯಸ್ಸಾದವರನ್ನು ಮಾತ್ರ ಬೇರೆ ಬುಕಿಂಗ್‌ಗೆ ಹಾಕಬಾರದು. ವಿಮಾನ ರದ್ದಾದಾಗ ಒಂದು ಬುಕಿಂಗ್ ಇವತ್ತು, ಇನ್ನೊಂದು ನಾಳೆ ಅಂತಾದರೆ ಅಕ್ಕ ಒಬ್ಬಳೇ ಬ್ಯಾಂಕಾಕಿನಲ್ಲಿ ಏನು ಮಾಡಬೇಕು?

ಮಗುವಿಗೆ ಎರಡು ವರ್ಷ ತುಂಬುವ ತನಕ ಮಡಿಲಲ್ಲಿ ಕೂರಿಸಿಕೊಳ್ಳಬಹುದು. ನಮ್ಮ ಮೊಮ್ಮಗನ ಹುಟ್ಟುಹಬ್ಬ ಪ್ರವಾಸದ ನಡುವೆಯೇ ಬರುತ್ತಿತ್ತು. ಹೋಗುವಾಗ ಮಡಿಲು, ಬರುವಾಗ ಸ್ವಂತ ಸೀಟು. ಮಗ "ಅಪ್ಪಾ, ಒಂದೆರಡು ದಿನಕ್ಕೆ ಯಾರು ಕೇಳ್ತಾರೆ" ಅಂದ. ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ತಾರೀಖು ಇರುತ್ತದಲ್ವಾ!

ತಾರೀಖಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮುಂಬೈಯಿಂದ ಪೂರ್ವಕ್ಕೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿಯ ಆಚೀಚೆ ಹೊರಡುತ್ತವೆ. ಟಿಕೆಟ್‌ನಲ್ಲಿ 14ನೇ ತಾರೀಖು 00:30 ಅಂತಿದ್ದರೆ 13ರ ರಾತ್ರಿಯೇ ಮನೆ ಬಿಡಬೇಕು. ಕೌಂಟರಿನಲ್ಲಿ ಇದ್ದಾಗ ಇದನ್ನು ದಿನಾ ನೋಡಿದ್ದೇನೆ. ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಿಂದ ರಾತ್ರಿ ಹನ್ನೆರಡರೊಳಗೆ ಹೊರಡುವ ಗಾಡಿ ಕಲ್ಯಾಣಕ್ಕೆ ಬರುವಾಗ ತಾರೀಖು ಬದಲಾಗಿರುತ್ತದೆ. ಜನ ಒಂದು ದಿನ ತಡವಾಗಿ ಹಾಸಿಗೆ ಚೀಲ ಹೊತ್ತು ಪ್ಲಾಟ್‌ಫಾರ್ಮಿಗೆ ಬರುತ್ತಿದ್ದರು. ಮರುದಿನ ಕಿಟಕಿಯಲ್ಲಿ ನಮ್ಮ ಜೊತೆ ಜಗಳ. ವಿಮಾನದವರ ಹತ್ತಿರ ಜಗಳ ಮಾಡಲು ಕಿಟಕಿ ಕೂಡ ಇಲ್ಲ.

ನಡುರಾತ್ರಿ ವಿಮಾನದ ಇನ್ನೊಂದು ತಾಪತ್ರಯ: ಅದು ಬೆಳಿಗ್ಗೆ ಬೇಗ ಇಳಿಸುತ್ತದೆ, ಹೋಟೆಲ್ ಕೋಣೆ ಕೊಡುವುದು ಮಧ್ಯಾಹ್ನ ಎರಡಕ್ಕೆ. ನಾಲ್ಕು ಗಂಟೆ ಕೂತುಕೊಂಡೇ ಬಂದ ಅಕ್ಕ ಮತ್ತೆ ಲಾಬಿಯಲ್ಲಿ ಕೂರಬೇಕು. ಹಗಲಿನ ವಿಮಾನಕ್ಕೆ ಸ್ವಲ್ಪ ಜಾಸ್ತಿ ಕೊಟ್ಟೆವು, ರಾತ್ರಿ ನೆಟ್ಟಗೆ ಹೋಗಿ ಮಲಗಿದೆವು. ಬ್ಯಾಂಕಾಕ್ ನಮಗಿಂತ ಒಂದೂವರೆ ಗಂಟೆ ಮುಂದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ರೈಲು. ಬ್ಯಾಂಕಾಕಿನಿಂದ ಮಲೇಷ್ಯಾದ ಪೆನಾಂಗಿಗೆ ವಿಮಾನದಲ್ಲಿ ಎರಡು ಗಂಟೆಯೂ ಬೇಡ. ಆದರೂ ನಾನು ಹಟ ಹಿಡಿದು ರೈಲಿನಲ್ಲೇ ಕರೆದುಕೊಂಡು ಹೋದೆ. ಸ್ವಾರ್ಥ ಇತ್ತು, ಇಲ್ಲ ಅನ್ನುವುದಿಲ್ಲ. ದೂರದ ಗಾಡಿಗಳು 2023ರಿಂದ ಹಳೆಯ ಹುವಾ ಲಂಫೋಂಗ್ ನಿಲ್ದಾಣ ಬಿಟ್ಟು ಕ್ರುಂಗ್ ತೇಪ್ ಅಪಿವಾಟ್ ಎಂಬ ದೊಡ್ಡ ಹೊಸ ನಿಲ್ದಾಣದಿಂದ ಹೊರಡುತ್ತವೆ. ಹಳೆಯ ಬರಹ ಓದಿಕೊಂಡು ಹೋದವರು ಈಗಲೂ ಹಳೆಯ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಾರಂತೆ. ಪಡಂಗ್ ಬೆಸಾರ್ ಎಂಬ ಗಡಿಯ ಊರಿನ ತನಕ ಹೋಗುವ ಗಾಡಿ ಮಧ್ಯಾಹ್ನ ನಾಲ್ಕರ ಸುಮಾರಿಗೆ ಬಿಡುತ್ತದೆ, ಮರುದಿನ ಬೆಳಿಗ್ಗೆ ಮುಟ್ಟುತ್ತದೆ. ಸಾವಿರ ಕಿಲೋಮೀಟರಿಗೆ ಹತ್ತಿರದ ದಾರಿ.

ಅಲ್ಲಿಯ ಸೆಕೆಂಡ್ ಕ್ಲಾಸ್ ಸ್ಲೀಪರಿನಲ್ಲಿ ಬರ್ತುಗಳು ಓಡಾಡುವ ದಾರಿಯ ಎರಡೂ ಬದಿಗೆ ಉದ್ದಕ್ಕೆ ಇರುತ್ತವೆ, ನಮ್ಮ ಸೈಡ್ ಬರ್ತಿನ ಹಾಗೆ. ಕೆಳಗೊಂದು, ಮೇಲೊಂದು, ನಡುವಿನ ಬರ್ತ್ ಇಲ್ಲ. ಕೆಳಗಿನದು ಮೇಲಿನದಕ್ಕಿಂತ ಅಗಲ, ದರವೂ ಜಾಸ್ತಿ. ಕತ್ತಲಾದ ಮೇಲೆ ಅಟೆಂಡೆಂಟ್ ಬಂದ. ಎದುರುಬದುರಿನ ಸೀಟು ಎರಡನ್ನೂ ಎಳೆದು ಕೂಡಿಸಿದ, ಗಾದಿ ಬಿಚ್ಚಿದ, ಒಗೆದ ಚಾದರ್ ಹಾಸಿ ಮೂಲೆ ಮಡಚಿದ, ದಿಂಬಿಗೆ ಗಲೀಫು ತೊಡಿಸಿದ, ಪರದೆ ಸಿಕ್ಕಿಸಿದ. ಒಂದು ಬರ್ತಿಗೆ ಎರಡು ನಿಮಿಷ ಹಿಡಿದಿರಲಿಕ್ಕಿಲ್ಲ. ಅಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ ಕೈ ಒರೆಸಿಕೊಳ್ಳುತ್ತಾ ನೋಡುತ್ತಿದ್ದಳು. "ತಮ್ಮಾ, ನಿಮ್ಮ ರೈಲ್ವೆದವ್ರು ಇದನ್ನ ಬಂದು ನೋಡ್ಯಾರೇನು?" ಅಂದಳು. ನಾನು ಇಲಾಖೆಯ ಮರ್ಯಾದೆಗೆ ಸುಮ್ನೆ ಇದ್ದೆ.

ಆ ಹಳಿ ಒಂದೇ ಮೀಟರ್ ಅಗಲದ ಮೀಟರ್ ಗೇಜ್. ಹುಬ್ಬಳ್ಳಿ-ಮೀರಜ್ ದಾರಿ ಬ್ರಾಡ್ ಗೇಜ್ ಆಗುವ ಮೊದಲು ನಾವು ಓಡಾಡಿದ್ದು ಅಷ್ಟೇ ಅಗಲದ ಹಳಿಯ ಮೇಲೆ. ಗಡಿ ದಾಟಿದ ಮೇಲೆ ಮಲೇಷ್ಯಾದವರು ಇದೇ ಮೀಟರ್ ಗೇಜಿನಲ್ಲಿ ಗಂಟೆಗೆ 140 ಕಿ.ಮೀ. ವೇಗದ ಎಲೆಕ್ಟ್ರಿಕ್ ಗಾಡಿ ಓಡಿಸುತ್ತಾರೆ. ಇಟಿಎಸ್ ಅಂತ ಹೆಸರು. ನೋಡದಿದ್ದರೆ ನಾನೇ ನಂಬುತ್ತಿರಲಿಲ್ಲ.

ಪಡಂಗ್ ಬೆಸಾರಿನಲ್ಲಿ ಎರಡೂ ದೇಶಗಳ ಇಮಿಗ್ರೇಶನ್ ಒಂದೇ ನಿಲ್ದಾಣದ ಕಟ್ಟಡದಲ್ಲಿದೆ. ಥಾಯ್ಲೆಂಡಿನ ಮುದ್ರೆ ಹೊಡೆಸಿಕೊಂಡು ನಾಲ್ಕು ಹೆಜ್ಜೆ ನಡೆದರೆ ಮಲೇಷ್ಯಾದ ಕಿಟಕಿ. ಮುಖ್ಯವಾದದ್ದು ಗಡಿಯಾರ. ಥಾಯ್ಲೆಂಡಿಗಿಂತ ಮಲೇಷ್ಯಾ ಒಂದು ಗಂಟೆ ಮುಂದೆ. ಥಾಯ್ ಗಾಡಿ ಎಂಟಕ್ಕೆ ಮುಟ್ಟಿತು ಅಂದರೆ ಮಲೇಷ್ಯಾದ ಲೆಕ್ಕಕ್ಕೆ ಆಗಲೇ ಒಂಬತ್ತು. ಮುಂದಿನ ಗಾಡಿಯ ಟಿಕೆಟ್ ತೆಗೆಯುವವರು ಇದನ್ನು ನೋಡಲೇಬೇಕು. ಅಲ್ಲಿಂದ ಬಟರ್‌ವರ್ತ್‌ಗೆ ಕೊಮ್ಯೂಟರ್ ಎಂಬ ಲೋಕಲ್ ಇದೆ, ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ. ನಿಲ್ದಾಣದ ಹತ್ತಿರವೇ ದೋಣಿ ಕಟ್ಟೆ. ದೋಣಿ ಹತ್ತಿದರೆ ಪೆನಾಂಗಿನ ಜಾರ್ಜ್ ಟೌನ್.

ಪೆನಾಂಗಿನಿಂದ ಕೌಲಾಲಂಪುರಕ್ಕೂ ಅದೇ ಇಟಿಎಸ್. ಆದರೆ ಕೌಲಾಲಂಪುರದಿಂದ ಸಿಂಗಾಪುರಕ್ಕೆ ನಾನೇ ವಿಮಾನ ಅಂದೆ. ಮಗನಿಗೆ ಆಶ್ಚರ್ಯ, ಯಾಕೆಂದರೆ ಅಲ್ಲಿಗೆ ಬಸ್ಸು ಬೇಕಾದಷ್ಟಿವೆ, ಹೆಚ್ಚು ಕಡಿಮೆ 350 ಕಿ.ಮೀ. ಅಷ್ಟೇ, ದರವೂ ಕಡಿಮೆ. ಇಟಿಎಸ್ ಕೂಡ ಈಗ ಸಿಂಗಾಪುರದ ಎದುರಿನ ಗಡಿ ಊರು ಜೊಹೋರ್ ಬಾರು ತನಕ ಹೋಗುತ್ತದೆ. ಅಡಚಣೆ ಇರುವುದು ಗಡಿಯಲ್ಲಿ. ಬಸ್ಸಿನವರು ಮಲೇಷ್ಯಾ ಬದಿಯಲ್ಲಿ ಒಮ್ಮೆ ಇಳಿಸುತ್ತಾರೆ, ಸೇತುವೆ ದಾಟಿ ಸಿಂಗಾಪುರದ ಬದಿಯಲ್ಲಿ ಇನ್ನೊಮ್ಮೆ. ಸಿಂಗಾಪುರದ ತಪಾಸಣೆಗೆ ಎಲ್ಲ ಸಾಮಾನು ನಾವೇ ಹೊತ್ತುಕೊಂಡು ಹೋಗಬೇಕು. ನಮಗೆ ತಡವಾದರೆ ಬಸ್ಸು ಕಾಯುತ್ತದೆ ಎಂಬ ಗ್ಯಾರಂಟಿ ಇಲ್ಲ. ಶುಕ್ರವಾರ ಸಂಜೆ, ರಜೆಯ ಹಿಂದಿನ ದಿನ ಅಲ್ಲಿಯ ಸಾಲು ನೋಡಬೇಕು. ಎರಡೂ ದೇಶದ ಜನ ದಿನಾ ಕೆಲಸಕ್ಕೆ ಓಡಾಡುವ ದಾರಿ ಅದು. ಮಂಡಿ ನೋವಿನವರು, ಮಡಿಲ ಮಕ್ಕಳು ಇರುವಾಗ ಅಲ್ಲಿ ಉಳಿಸುವ ದುಡ್ಡು ಯಾತಕ್ಕೂ ಬೇಡ. ಆ ಸೇತುವೆಯ ಪಕ್ಕ ಆರ್‌ಟಿಎಸ್ ಎಂಬ ಹೊಸ ರೈಲು ಬಂದ ಮೇಲೆ ನನ್ನ ಅಭಿಪ್ರಾಯ ಬದಲಾದೀತು.

ಕೌಲಾಲಂಪುರದ ಏರ್‌ಪೋರ್ಟ್ ಊರಿನಿಂದ ಬಲು ದೂರ. ಊರೊಳಗಿನ ಕೆಎಲ್ ಸೆಂಟ್ರಲ್ ನಿಲ್ದಾಣದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಟರ್ಮಿನಲ್ 1ಕ್ಕೆ 28 ನಿಮಿಷ, ಟರ್ಮಿನಲ್ 2ಕ್ಕೆ 33. ಏಳು ಜನ ಆದರೆ ರೈಲಿನ ಟಿಕೆಟ್ಟಿಗಿಂತ ಒಂದು ದೊಡ್ಡ ಗಾಡಿ ಮಾಡಿಕೊಂಡು ಹೋಗುವುದೇ ಅಗ್ಗ ಬೀಳಬಹುದು. ಅಂದ ಹಾಗೆ ಊಬರ್ ಅಲ್ಲೆಲ್ಲ ಸಿಗುವುದಿಲ್ಲ. 2018ರಲ್ಲೇ ಅವರು ಆ ಭಾಗದ ವ್ಯಾಪಾರವನ್ನು ಗ್ರಾಬ್ ಕಂಪನಿಗೆ ಕೊಟ್ಟು ಹೊರಟುಹೋದರು. ಮೂರೂ ದೇಶದಲ್ಲಿ ಗ್ರಾಬ್ ನಡೆಯುತ್ತದೆ. ಫೋನಿನಲ್ಲಿ ಹಾಕಿ, ಕಾರ್ಡ್ ಸೇರಿಸುವ ಕೆಲಸ ಇಲ್ಲಿಯೇ ಮುಗಿಸಿಕೊಂಡು ಹೋಗಬೇಕು. ಸಿಂಗಾಪುರದಲ್ಲಿ 1.35 ಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಆಪ್ ಮೂಲಕ ಬರುವ ಖಾಸಗಿ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ, ಮಾಮೂಲಿ ಟ್ಯಾಕ್ಸಿಗೆ ವಿನಾಯಿತಿ. ಹಾಗಾಗಿ ಅಲ್ಲಿಯ ಚಾಂಗಿ ಏರ್‌ಪೋರ್ಟಿನಲ್ಲಿ ಇಳಿದ ಮೇಲೆ ಟ್ಯಾಕ್ಸಿ ಸಾಲಿನಲ್ಲಿ ನಿಂತು ಎರಡು ಟ್ಯಾಕ್ಸಿ ಮಾಡಿಕೊಂಡೆವು.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. 2023ರ ಕೊನೆಯಲ್ಲಿ ಥಾಯ್ಲೆಂಡ್, ಮಲೇಷ್ಯಾ ಎರಡೂ ನಮ್ಮವರಿಗೆ ವೀಸಾ ಬೇಡ ಅಂದವು. ಇಂಥ ರಿಯಾಯಿತಿ ಆಗಾಗ ಬದಲಾಗುವಂಥದ್ದು, ಟಿಕೆಟ್ ತೆಗೆಯುವ ದಿನವೇ ಸರ್ಕಾರಿ ಸೈಟಿನಲ್ಲಿ ನೋಡಿಕೊಳ್ಳಬೇಕು. ಸಿಂಗಾಪುರಕ್ಕೆ ವೀಸಾ ಬೇಕೇ ಬೇಕು. ಮೂರೂ ದೇಶಕ್ಕೆ ಆನ್‌ಲೈನ್ ಅರೈವಲ್ ಕಾರ್ಡ್ ಇದೆ, ಹೋಗುವ ಮುನ್ನ ಮೂರು ದಿನದೊಳಗೆ ತುಂಬಬೇಕು, ಮೂರೂ ಪುಕ್ಕಟೆ. ದುಡ್ಡು ಕೇಳುವ ಸೈಟು ಕಂಡರೆ ಅದು ಸರ್ಕಾರದ್ದಲ್ಲ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ದೊಡ್ಡವರದ್ದು ಹತ್ತು ವರ್ಷದ್ದಾದರೂ ಚಿಕ್ಕ ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುತ್ತದೆ. ಮನೆಯಲ್ಲಿ ಎಲ್ಲರೂ ಮರೆಯುವುದು ಅದನ್ನೇ.

ಈಗ ದೀಪಾವಳಿ ರಜೆಗೆ ಟಿಕೆಟ್ ನೋಡುತ್ತಿರುವವರು ಬಹಳ ಜನ ಇದ್ದಾರೆ. ಅವರಿಗೆ ರೈಲಿನ ದಾರಿ ನಾನು ಹೇಳುವುದಿಲ್ಲ. ದಕ್ಷಿಣ ಥಾಯ್ಲೆಂಡಿನ ಆ ಭಾಗಕ್ಕೆ ಜೋರು ಮಳೆ ಬರುವುದೇ ನವೆಂಬರ್, ಡಿಸೆಂಬರಿನಲ್ಲಿ. 2025ರ ನವೆಂಬರಿನಲ್ಲಿ ಆ ದಾರಿಯ ಹಾಟ್ ಯೈ ಊರೇ ನೀರಿನಲ್ಲಿ ಮುಳುಗಿತ್ತು. ನಮ್ಮಲ್ಲಿ ಮಳೆಗಾಲ ಮುಗಿಯಿತು ಅಂತ ಅಲ್ಲಿಯೂ ಮುಗಿದಿರುವುದಿಲ್ಲ. ಹಾಗೆಯೇ ಏಪ್ರಿಲ್ ನಡುವಿನ ಸೊಂಗ್‌ಕ್ರಾನ್ ಹಬ್ಬಕ್ಕೆ ಥಾಯ್ ಗಾಡಿಗಳು, ಚೀನೀ ಹೊಸ ವರ್ಷಕ್ಕೆ ಮಲೇಷ್ಯಾ, ಸಿಂಗಾಪುರದ ಗಾಡಿಗಳು ತುಂಬಿ ತುಳುಕುತ್ತವೆ. ಗಣಪತಿಗೆ ಕೊಂಕಣ ರೈಲ್ವೆ ನೋಡಿದವರಿಗೆ ಜಾಸ್ತಿ ಹೇಳಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಊರಿನ ಮಾತು. ಬ್ಯಾಂಕಾಕಿನ ಎರಡು ಏರ್‌ಪೋರ್ಟಿನ ಗೊಂದಲ ಇನ್ನು ನಮ್ಮದೂ ಹೌದು. ಸಹಾರದ ಟರ್ಮಿನಲ್ 2, ಸಾಂತಾಕ್ರೂಜ್ ಬದಿಯ ಟರ್ಮಿನಲ್ 1 ಎರಡಕ್ಕೂ ಟಿಕೆಟ್‌ನಲ್ಲಿ ಏರ್‌ಪೋರ್ಟ್ ಕೋಡ್ ಬಿಓಎಂ ಅಂತಲೇ ಇರುತ್ತದೆ. 2025ರ ಡಿಸೆಂಬರಿನಿಂದ ನವಿ ಮುಂಬೈಯಲ್ಲೂ ವಿಮಾನ ಶುರುವಾಗಿವೆ, ಅದಕ್ಕೆ ಎನ್‌ಎಂಐ. ಡೊಂಬಿವಲಿ, ಕಲ್ಯಾಣ, ಪನ್ವೇಲ್ ಕಡೆಯವರಿಗೆ ಅದು ಅನುಕೂಲವೇ. ಆದರೆ ಊರಿನಿಂದ ವಿಮಾನದಲ್ಲಿ ಬಂದು ಇಲ್ಲಿ ವಿದೇಶದ ವಿಮಾನ ಹತ್ತುವ ನಮ್ಮ ನೆಂಟರು ಒಂದರಲ್ಲಿ ಇಳಿದು ಇನ್ನೊಂದರಿಂದ ಹಾರುವ ಹಾಗಾದರೆ, ನಡುವೆ ವಾಶಿ ಖಾಡಿಯಿಂದ ಹಿಡಿದು ಸಯನ್-ಪನ್ವೇಲ್ ರಸ್ತೆಯ ಟ್ರಾಫಿಕ್ ಪೂರ್ತಿ ಇದೆ. ಅಕ್ಕನನ್ನು ನಾವು ಮೊದಲೇ ರೈಲಿನಲ್ಲಿ ಕರೆಸಿಕೊಂಡು ಮನೆಯಲ್ಲಿ ಇಟ್ಟುಕೊಂಡದ್ದು ಇದಕ್ಕೇ.

ಆದ್ದರಿಂದ ಸಂಪಾದಕರಲ್ಲಿ ಒಂದು ವಿನಂತಿ. ಇನ್ನು ಮುಂದೆ ಇಂಥ ಪ್ರವಾಸ ಲೇಖನ ಹಾಕುವಾಗ ದರದ ಪಕ್ಕ ಏರ್‌ಪೋರ್ಟಿನ ಹೆಸರು, ಟರ್ಮಿನಲ್, ಊರಿಗೆ ಎಷ್ಟು ಹೊತ್ತು, ನಡುವಿನ ಬಿಡುವು ಎಷ್ಟು ಎಂಬ ನಾಲ್ಕು ಕಾಲಂ ಸೇರಿಸಿ. ಒಂದು ಫೋಟೊ ಕಡಿಮೆ ಆದರೂ ಚಿಂತೆಯಿಲ್ಲ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಿಂದ ವಿಮಾನದಲ್ಲಿ ಮುಂಬೈಗೆ ಬಂದು ವಿದೇಶಕ್ಕೆ ಹಾರಿದ ಓದುಗರು ಯಾರಾದರೂ ಇದ್ದರೆ, ಬ್ಯಾಗು ಊರಿನಿಂದಲೇ ನೇರ ಹೋಯಿತೋ, ಇಲ್ಲಿ ಇಳಿಸಿಕೊಳ್ಳಬೇಕಾಯಿತೋ, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಇದೇ ಅಂಕಣಕ್ಕೆ ಬರೆಯಲಿ. ಮುಂದಿನ ಸಲ ಭಾವನವರೂ ಬರುತ್ತೇನೆ ಅನ್ನುತ್ತಿದ್ದಾರೆ, ಅವರಿಗೆ ರೈಲು ಆಗಿಬರುವುದಿಲ್ಲ.

ಇಂತಿ,
ನಿವೃತ್ತ ರೈಲ್ವೆ ನೌಕರ, ಡೊಂಬಿವಲಿ ಪೂರ್ವ